ಖಾಲಿ ಹಾಳೆಯ ಸ್ಪರ್ಧೆ

ಊರಿಗೊಂದು ಶಾಲೆ, ಶಾಲೆಗೊಬ್ಬಳು ಆಯಾ ಇರುವುದು ಲೋಕದಲ್ಲೇನೂ ಹೊಸತಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವವಳು, ಸಂಜೆ ಎಲ್ಲರೂ ಹೋದ ಮೇಲೆ ಬೀಗ ಹಾಕುವವಳು, ನಡುವೆ ಗುಡಿಸಿ ಒರೆಸಿ ಗಂಟೆ ಹೊಡೆಯುವವಳು, ಮಂಡಿ ತರಚಿಕೊಂಡು ಬಂದ ಮಗುವಿಗೆ ಔಷಧಿ ಹಚ್ಚಿ “ಏನೂ ಆಗಿಲ್ಲ, ಏಳು” ಅನ್ನುವವಳು. ಆದರೆ ಈ ಶಾಲೆಯ ಆಯಾಗೆ ಇಷ್ಟರ ಜೊತೆ ಇನ್ನೊಂದು ವಿದ್ಯೆಯೂ ಕೈಯಲ್ಲಿತ್ತು. ಅವಳಿಗೆ ಪುಸ್ತಕ ಹೊಲಿಯಲು ಬರುತ್ತಿತ್ತು.

ಅವಳಪ್ಪ ಒಂದು ಮುದ್ರಣಾಲಯದಲ್ಲಿ ಬೈಂಡರ್ ಆಗಿದ್ದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಮಗಳು ಅಪ್ಪನ ಮಗ್ಗುಲಲ್ಲಿ ಕೂತು ಅಂಟು ಕಾಯಿಸುವುದು, ನೂಲಿಗೆ ಮೇಣ ಹಚ್ಚುವುದು, ದಬ್ಬಳ ಹಿಡಿಯುವುದು ಎಲ್ಲ ಕಲಿತಳು. ಮುದ್ರಣಾಲಯ ಮುಚ್ಚಿದಾಗ ಅಲ್ಲಿದ್ದ ಹಳೆಯ ಕಬ್ಬಿಣದ ಪ್ರೆಸ್ಸು ಯಾರಿಗೂ ಬೇಡವಾಯಿತು. ಅಪ್ಪ ಅದನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದ. ಅಪ್ಪ ಹೋದ ಮೇಲೆ ಅದು ಮಗಳ ಹಿಂದೆ ಬಂದು ಶಾಲೆಯ ಸಾಮಾನು ಕೋಣೆಯಲ್ಲಿ, ಮುರಿದ ಬೆಂಚುಗಳ ನಡುವೆ ಕೂತುಕೊಂಡಿತು. ಮೇಲೊಂದು ಚಕ್ರ, ಕೆಳಗೊಂದು ಹಲಗೆ. ಚಕ್ರ ತಿರುಗಿಸಿದರೆ ಹಲಗೆಯ ಮೇಲಿಟ್ಟ ಪುಸ್ತಕ ಕಲ್ಲಿನ ಹಾಗೆ ಒತ್ತಿಕೊಳ್ಳಬೇಕು, ಅಂಥದ್ದು.

ಮಕ್ಕಳು ಅವಳಿಗಿಟ್ಟ ಹೆಸರು ಗೋಂದಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತೆಪ್ಪಗೆ ಇತ್ತು. ಅದನ್ನು ಕರೆಯುವವರೂ ಇರಲಿಲ್ಲ, ಕರೆದರೆ ಅವಳು ತಿರುಗಿ ನೋಡುತ್ತಿದ್ದಳೋ ಇಲ್ಲವೋ.

ಐದು ವರ್ಷದ ಹಿಂದಿನ ಮಾತು. ವರ್ಷದ ಕೊನೆಗೆ ಹಳೇ ಪೇಪರಿನವನ ಗಾಡಿ ಬಂದು ಮಕ್ಕಳ ನೋಟ್‌ಬುಕ್ಕುಗಳನ್ನು ಮೂಟೆ ಕಟ್ಟುವಾಗ ಗೋಂದಕ್ಕ ಒಂದನ್ನೆತ್ತಿ ಬಿಡಿಸಿ ನೋಡಿದಳು. ಅರ್ಧ ಬರೆದಿದೆ, ಅರ್ಧ ಮಲ್ಲಿಗೆ ಹೂವಿನಂತೆ ಬೆಳ್ಳಗಿದೆ. ಇನ್ನೊಂದನ್ನು ತೆಗೆದಳು, ಅದೂ ಹಾಗೇ. “ಒಂದು ಗಳಿಗೆ ತಡಿಯಪ್ಪಾ” ಎಂದು ಗಾಡಿಯವನನ್ನು ನಿಲ್ಲಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಖಾಲಿ ಹಾಳೆಗಳನ್ನೆಲ್ಲ ಬಿಡಿಸಿಕೊಂಡಳು. ಆ ರಜೆಯಲ್ಲಿ ಮೂವತ್ತೆಂಟು ಪುಸ್ತಕ ಹೊಲಿದಳು. ಅರವತ್ತು ಹಾಳೆಗೊಂದು ಪುಸ್ತಕ. ಸೋಪಿನ ಡಬ್ಬದ ರಟ್ಟು, ಹಳೇ ಕ್ಯಾಲೆಂಡರಿನ ಹೊದಿಕೆ, ಬೆನ್ನಿಗೆ ಬಟ್ಟೆ ಚೂರು. ಹೊಸ ವರ್ಷ ಶಾಲೆ ತೆರೆದಾಗ ಅವು ಹೊಸ ಪುಸ್ತಕ ತರಲಾಗದ ಮಕ್ಕಳ ಚೀಲ ಸೇರಿದವು.

ಮಾರನೇ ವರ್ಷ ಚಿತ್ರದ ಮೇಷ್ಟ್ರು ಇದಕ್ಕೊಂದು ಸ್ಪರ್ಧೆ ಕಟ್ಟಿಕೊಟ್ಟರು. ನಾಲ್ಕರಿಂದ ಏಳರವರೆಗಿನ ಕ್ಲಾಸುಗಳಲ್ಲಿ ಯಾವುದು ಹೆಚ್ಚು ಖಾಲಿ ಹಾಳೆ ತಂದು ಕೊಡುತ್ತದೋ ಅದು ಗೆದ್ದಂತೆ. ಬಹುಮಾನ ಏನು ಗೊತ್ತೇ? ಪ್ರೆಸ್ಸಿನ ಚಕ್ರ ತಿರುಗಿಸುವ ಹಕ್ಕು. ಅಷ್ಟೇ. ಅದಕ್ಕೆ ಮಕ್ಕಳು ಪ್ರಾಣ ಬಿಡುತ್ತಿದ್ದರು. ವರ್ಷದ ಕೊನೆಯ ಎರಡು ವಾರ ಸಾಮಾನು ಕೋಣೆಯ ಬಾಗಿಲಲ್ಲಿ ಸಾಲು ನಿಲ್ಲುತ್ತಿತ್ತು. ಗೋಂದಕ್ಕ ಒಳಗೆ ಕೂತು, “ತೂತು ನೇರ ಬರಲಿ… ನೂಲು ಎಳಿ, ಇನ್ನೂ ಎಳಿ…” ಎಂದು ಹೇಳಿಕೊಡುತ್ತಿದ್ದಳು. ಆ ಎರಡು ವಾರ ಮಕ್ಕಳು ಅವಳನ್ನು “ಟೀಚರ್” ಅನ್ನುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಬಾಯಿಗೆ ಬಂದದ್ದು. ರಜೆ ಕಳೆದು ಬಂದರೆ ಮತ್ತೆ ಗೋಂದಕ್ಕ, ಮತ್ತೆ ಪೊರಕೆ. ವರ್ಷದ ಐವತ್ತು ವಾರ ಅವಳು ಕಾಯುತ್ತಿದ್ದದ್ದು ಈ ಎರಡು ವಾರಕ್ಕೆ. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಹೋದ ವರ್ಷ ನೂರ ಹನ್ನೆರಡು ಪುಸ್ತಕವಾಯಿತು. ಮನುಷ್ಯನಿಗೆ ಅಷ್ಟಾದರೆ ಇನ್ನಷ್ಟು ಬೇಕೆನಿಸುತ್ತದೆ. ಈ ವರ್ಷ ಮೊದಲಿಂದಲೇ ಇರಲಿ ಎಂದು ಜಗಲಿಯಲ್ಲಿ ಸ್ಪರ್ಧೆಯ ಸುದ್ದಿ ಬರೆದ ಒಂದು ಹಲಗೆ ತೂಗುಹಾಕಿದಳು. ಪ್ರತಿ ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ “ಹಾಳೆ ಉಳಿಸಿದವನೇ ಜಾಣ, ಮರೀಬೇಡಿ!” ಎಂದು ಕೂಗಿ ಹೇಳುವುದನ್ನೂ ರೂಢಿ ಮಾಡಿಕೊಂಡಳು.

ಮಕ್ಕಳು ಮರೆಯಲಿಲ್ಲ. ಕೆಟ್ಟದ್ದು ಅಲ್ಲೇ.

ಅರ್ಧ ವರ್ಷದ ಪರೀಕ್ಷೆ ಆಗಿ ಒಂದು ವಾರಕ್ಕೆ ಲೆಕ್ಕದ ಮೇಷ್ಟ್ರು ಆರನೇ ಕ್ಲಾಸಿನ ಮೂವತ್ತಾರು ನೋಟ್‌ಬುಕ್ಕುಗಳನ್ನು ಎದೆಗವಚಿಕೊಂಡು ದೊಡ್ಡ ಮೇಡಂ ಕೋಣೆಗೆ ನುಗ್ಗಿದರು. ಗೋಂದಕ್ಕ ಅಲ್ಲೇ ಕಿಟಕಿ ಒರೆಸುತ್ತಿದ್ದಳು.

“ನೋಡಿ ಮೇಡಂ, ನೋಡಿ! ಮೂರು ಪುಟ ಬರೆದಿದಾರೆ. ಆಮೇಲೆ ನೀವು ಭೂತಗನ್ನಡಿ ಹಾಕಿದ್ರೂ ಒಂದಕ್ಷರ ಇಲ್ಲ.”

ದೊಡ್ಡ ಮೇಡಂ ಬಿಡಿಸಿ ನೋಡಿದರು. ಆ ಮೂರು ಪುಟವಾದರೂ ಎಂಥದ್ದು! ಇರುವೆ ಸಾಲು ಹೊರಟ ಹಾಗೆ ಅಂಕಿಗಳು. ಒಂದು ಗೆರೆಯಲ್ಲಿ ಎರಡು ಲೆಕ್ಕ, ಅಂಚಿನಲ್ಲಿ ಭಾಗಾಕಾರ, ಮೂಲೆಯಲ್ಲಿ ಉತ್ತರ.

“ಹೋಮ್‌ವರ್ಕ್ ಎಲ್ಲಿ ಅಂತ ಕೇಳಿದ್ರೆ ಒಬ್ಬ, ಅಂಗೈ ತೋರಿಸ್ತಾನೆ, ಬೆವರಿಗೆ ಅಳಿಸೋಯ್ತು ಸಾರ್ ಅಂತಾನೆ. ಇನ್ನೊಬ್ಬ, ಬಸ್ ಟಿಕೆಟ್ ಹಿಂದೆ ಬರ್ದಿದೀನಿ ಸಾರ್, ನಮ್ಮಪ್ಪ ಎಸೆದುಬಿಟ್ರು ಅಂತಾನೆ. ಆ ಲೀಡರ್ ಹುಡುಗಿ ಇದಾಳಲ್ಲ, ಅವಳಂತೂ, ಮನೆ ಗೋಡೆ ಮೇಲೆ ಮಾಡಿದೀನಿ ಸಾರ್, ಬಂದು ನೋಡಿ, ಎಲ್ಲಾ ಸರಿ ಇದೆ ಅಂತಾಳೆ!”

ಮೇಡಂಗೆ ನಗು ಬಂತು, ತಡೆದುಕೊಂಡರು. “ಪರೀಕ್ಷೆ?”

“ಮೂವತ್ತಾರರಲ್ಲಿ ಇಪ್ಪತ್ತೊಂದು ಜನ ಫೇಲು. ಕೈಯಲ್ಲಿ ಮಾಡದೆ ಲೆಕ್ಕ ಬರುತ್ತಾ ಮೇಡಂ? ಎಲ್ಲಾರೂ ಸೇರಿ ಆಣೆ ಇಟ್ಕೊಂಡಿದಾರಂತೆ, ಈ ಸಲ ಏಳನೇ ಕ್ಲಾಸನ್ನ ಸೋಲಿಸಲೇಬೇಕು, ಯಾರೂ ಹಾಳೆ ಮುಟ್ಟಬಾರದು ಅಂತ. ಇದು ಯಾರ ಪಾಠ ಅಂತ ಆ ಕಿಟಕಿ ಹತ್ರ ನಿಂತಿರೋರನ್ನೇ ಕೇಳಿ.”

ಗೋಂದಕ್ಕನ ಕೈಯಲ್ಲಿದ್ದ ಬಟ್ಟೆ ಗಾಜಿನ ಮೇಲೇ ನಿಂತಿತು. ಮೇಷ್ಟ್ರು ಹೋದ ಮೇಲೆ ಅವಳು ಹತ್ತಿರ ಬಂದು ನಿಂತಳು.

“ನಿಂಗೆ ಗೊತ್ತಿತ್ತೇನಮ್ಮಾ?”

ಗೊತ್ತಿರಲಿಲ್ಲ ಎಂದಿದ್ದರೆ ನಡೆಯುತ್ತಿತ್ತು. ಆದರೆ ಬಾಯಿ ಬರಲಿಲ್ಲ. “ಗುಡಿಸೋವಾಗ ನೋಡಿದ್ದೆ ಮೇಡಂ. ಪುಸ್ತಕ ಎಲ್ಲಾ ಬೆಳ್ಳಗಿತ್ತು. ಈ ಸಲ ಇನ್ನೂರು ಪುಸ್ತಕ ಆಗುತ್ತೆ ಅಂತ ಖುಷಿಪಟ್ಟಿದ್ದೆ.”

ಮೇಡಂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. “ಸೋಮವಾರ ಪ್ರಾರ್ಥನೆ ಹೊತ್ತಿಗೆ ಇದಕ್ಕೊಂದು ದಾರಿ ಹೇಳು. ಇಲ್ಲ ಅಂದ್ರೆ ಸ್ಪರ್ಧೆ ಅಲ್ಲಿಗೇ ಸಾಕು,” ಎಂದರಷ್ಟೇ.

ಆ ಸಂಜೆ ಅವಳು ಮನೆಗೆ ಹೋದಾಗ ಅತ್ತೆ ಬಾಗಿಲಲ್ಲಿ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅತ್ತೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಹದಿನಾರರದ್ದು. ಗಂಡ ಕಂಡಕ್ಟರು, ಡ್ಯೂಟಿ ಮುಗಿಸಿ ಬಂದು ಕಾಲು ನೀರಿಗಿಟ್ಟುಕೊಂಡಿದ್ದ. ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಗೋಡೆ ಮೇಲಿನ ಲೆಕ್ಕದ ಮಾತು ಬಂದಾಗ ಕಂಡಕ್ಟರು ಬಕೆಟ್ಟಿನ ನೀರು ಚೆಲ್ಲುವ ಹಾಗೆ ನಕ್ಕ.

“ಅದೇನು ನಗು? ಮುಂಡೇದು, ಕೆಲಸ ಹೋಗೋ ಹಾಗಿದೆ ಇಲ್ಲಿ,” ಎಂದಳು ಅವಳು.

“ಕೆಲಸ ಎಲ್ಲಿ ಹೋಗುತ್ತೆ ಬಿಡೇ. ಪೊರಕೆ ಯಾರೂ ಕಿತ್ಕೊಳಲ್ಲ.”

ಅದೇ ಅವಳ ನೋವೆಂದು ಅವನಿಗೆ ತಿಳಿಯಲಿಲ್ಲ.

ಅತ್ತೆ ಸೊಪ್ಪಿನಿಂದ ತಲೆಯೆತ್ತಲಿಲ್ಲ. “ಅಲ್ಲ ಕಣಮ್ಮಾ, ಪಾತ್ರೆ ತಳದಲ್ಲಿ ಯಾರು ಜಾಸ್ತಿ ಉಳಿಸ್ತಾರೋ ಅವರಿಗೆ ಬಹುಮಾನ ಅಂದ್ರೆ, ಮನೇಲಿ ಯಾರಾದ್ರೂ ಹೊಟ್ಟೆ ತುಂಬಾ ಉಣ್ತಾರಾ? ತಿಂದು ಮಿಕ್ಕಿದ್ದನ್ನ ಕೇಳಬೇಕು. ನೀನು ಮಿಕ್ಕಿಸೋಕೇ ಹೇಳ್ದೆ.”

“ಹಾಗಾದ್ರೆ ಏನಂತ ಹೇಳಲಿ ಅತ್ತೆ?”

“ತಟ್ಟೆ ಬಳಿದು ಉಂಡೋರಿಗೆ ಕೊಡು.”

ಗೋಂದಕ್ಕ ಒಲೆಯ ಮುಂದೆ ಕೂತು ಅದನ್ನೇ ತಿರುವಿ ಮುರುವಿ ನೋಡಿದಳು. ಸರಿ ಇತ್ತು. ಕೊನೆಯ ಪುಟದ ಕೊನೆಯ ಗೆರೆಯವರೆಗೆ ಬರೆದ ಕ್ಲಾಸೇ ಗೆದ್ದಂತೆ ಎಂದುಬಿಟ್ಟರೆ ಮಕ್ಕಳು ಬರೆಯುತ್ತಾರೆ, ಲೆಕ್ಕ ಬರುತ್ತದೆ, ಹಾಳೆಯೂ ದಂಡವಾಗುವುದಿಲ್ಲ. ಆದರೆ ತಟ್ಟೆ ಬಳಿದು ಉಂಡ ಮನೆಯಲ್ಲಿ ಮಿಕ್ಕಿದ್ದನ್ನು ಕಾಯುವವಳ ಗತಿ? ಹಾಳೆ ಉಳಿಯದಿದ್ದರೆ ಹೊಲಿಗೆಯಿಲ್ಲ, ಹೊಲಿಗೆಯಿಲ್ಲದಿದ್ದರೆ ಬಾಗಿಲಲ್ಲಿ ಸಾಲಿಲ್ಲ.

ಹೊಸ ಕಾನೂನು ಏನೆಂದು ಅವಳು ಬಾಯಿಬಿಟ್ಟಾಗ ಕಂಡಕ್ಟರಿಗೂ ಅದು ಹೊಳೆಯಿತು. “ಅಯ್ಯೋ, ನಿನ್ನ ಅಂಗಡಿಗೆ ನೀನೇ ಬೀಗ ಜಡೀತಿದ್ದೀಯಲ್ಲೇ!”

“ಜಡಿಯೋದೇ,” ಎಂದಳು. ಆ ರಾತ್ರಿಯ ಊಟಕ್ಕೆ ಉಪ್ಪು ಹಾಕುವುದನ್ನು ಮರೆತಿದ್ದಳು. ಅತ್ತೆ ತಾನೇ ಚಿಟಿಕೆ ಉಪ್ಪು ಬೆರೆಸಿಕೊಂಡು ಉಂಡೆದ್ದಳು.

ಸೋಮವಾರ ಮೆಟ್ಟಿಲ ಮೇಲೆ ನಿಂತು ಗೋಂದಕ್ಕ ಹೊಸ ಕಾನೂನು ಹೇಳಿದಳು. ಪುಸ್ತಕ ಪೂರ್ತಿ ತುಂಬಿರಬೇಕು, ಎರಡೂ ಮಗ್ಗುಲು. ಅಕ್ಷರ ಒಂದು ಮೊಳ ದೂರದಿಂದ ಓದಲು ಬರಬೇಕು. ಹಳೆಯದನ್ನು ತುಂಬಿಸಿ ತೋರಿಸಿದವರಿಗೇ ಹೊಸ ಪುಸ್ತಕ ತೆರೆಯಲು ಅಪ್ಪಣೆ. ವರ್ಷದ ಕೊನೆಗೆ ಯಾವ ಕ್ಲಾಸಿನಲ್ಲಿ ಖಾಲಿ ಹಾಳೆ ಅತಿ ಕಡಿಮೆಯೋ ಆ ಕ್ಲಾಸಿಗೆ ಪ್ರೆಸ್ಸಿನ ಚಕ್ರ.

ಆರನೇ ಕ್ಲಾಸಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಮನೆ ಗೋಡೆಯ ಮೇಲೆ ಲೆಕ್ಕ ಮಾಡಿದ್ದ ಲೀಡರ್ ಹುಡುಗಿ ಅದು. ಗೇಣುದ್ದದ ದೇಹ, ಮಾರುದ್ದದ ಖಾರ. ಶಾಲೆಯಲ್ಲೆಲ್ಲ ಅವಳಿಗೆ ಸೂಜಿಮೆಣಸು ಎಂದೇ ಹೆಸರು.

“ಗೋಂದಕ್ಕಾ, ಎಲ್ಲಾ ಹಾಳೆ ನಾವೇ ತುಂಬಿಸಿಬಿಟ್ರೆ ನೀವು ಯಾವುದನ್ನ ಹೊಲೀತೀರ? ಪ್ರೆಸ್ಸಲ್ಲಿ ಏನಿಟ್ಟು ತಿರುಗಿಸೋದು?”

“ಆಗ ನೋಡೋಣ. ಕೈ ಇಳಿಸು,” ಎಂದಳು ಗೋಂದಕ್ಕ.

ಮಕ್ಕಳೆಂದರೆ ಗೊತ್ತಲ್ಲ, ನೀವು ಚಾಪೆ ಕೆಳಗೆ ನುಸುಳಿದರೆ ಅವರು ರಂಗೋಲಿ ಕೆಳಗೆ ನುಸುಳುತ್ತಾರೆ. ಮೊದಲ ವಾರದಲ್ಲೇ ಏಳನೇ ಕ್ಲಾಸಿನವನೊಬ್ಬ ಪುಟದ ತುಂಬ ಒಂದೇ ಒಂದು ಸೊನ್ನೆ ಬರೆದು ತಂದ. ಇನ್ನೊಬ್ಬಳು ತನ್ನ ಹೆಸರನ್ನೇ ನಾಲ್ಕು ಪುಟ ಬರೆದಿದ್ದಳು. ಐದನೇ ಕ್ಲಾಸಿನ ಇಬ್ಬರು ಚುಕ್ಕಿ ಆಟ ಆಡಿ ಎರಡು ಪುಸ್ತಕ ಮುಗಿಸಿಬಿಟ್ಟಿದ್ದರು. ಗೋಂದಕ್ಕ ಒಂದು ಮೊಳದ ಕೋಲು ಹಿಡಿದು ಜಗಲಿಯಲ್ಲಿ ಕೂತು, ಎಲ್ಲವನ್ನೂ ಬಿಡಿಸಿ ನೋಡಿ, “ಇದು ಲೆಕ್ಕಕ್ಕಿಲ್ಲ… ಇದೂ ಲೆಕ್ಕಕ್ಕಿಲ್ಲ… ಏನೋ ಇದು, ಸೊನ್ನೆಯೋ ಬಾವಿಯೋ?” ಎಂದು ವಾಪಸು ಕಳಿಸುತ್ತಿದ್ದಳು. ಲೆಕ್ಕದ ಮೇಷ್ಟ್ರು ಮೊದಮೊದಲು ದೂರದಿಂದ ನೋಡಿದರು, ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಅವಳು ತುಂಬಿದೆಯೋ ಇಲ್ಲವೋ ನೋಡುವುದು, ಅವರು ಸರಿಯಿದೆಯೋ ಇಲ್ಲವೋ ನೋಡುವುದು.

ತಿಂಗಳುಗಳು ಹೋದವು. ಪುಸ್ತಕಗಳು ಉಬ್ಬಿದವು, ಬರೆದ ಹಾಳೆ ಖಾಲಿ ಹಾಳೆಗಿಂತ ದಪ್ಪಗಾಗುತ್ತದೆ, ಕೈಗೆ ತಿಳಿಯುತ್ತದೆ. ಕೊನೆಯ ಪರೀಕ್ಷೆಯಲ್ಲಿ ಆರನೇ ಕ್ಲಾಸಿನವರು ಐದು ಜನ ಮಾತ್ರ ಲೆಕ್ಕದಲ್ಲಿ ಬಿದ್ದರು. ಹಾಳೆ ಒಪ್ಪಿಸುವ ವಾರ ಬಂತು. ನಾಲ್ಕು, ಐದು, ಏಳು, ಮೂರೂ ಕ್ಲಾಸು ಸೇರಿ ತಂದುಕೊಟ್ಟ ಖಾಲಿ ಹಾಳೆ ನೂರ ಐವತ್ತು. ಎರಡೂವರೆ ಪುಸ್ತಕ. ನಾಲ್ಕನೇ ಕ್ಲಾಸಿನದ್ದು ಬರೀ ಹನ್ನೊಂದು.

ಗೋಂದಕ್ಕ ಆ ನೂರ ಐವತ್ತನ್ನು ಪ್ರೆಸ್ಸಿನ ಹಲಗೆಯ ಮೇಲಿಟ್ಟು ನೋಡಿದಳು. ಬೆರಳಿನಷ್ಟು ದಪ್ಪವೂ ಇಲ್ಲ. ಅಂಟಿಗೆ ಹಿಟ್ಟು ಕಲಸುವ ಗೋಜಿಗೇ ಹೋಗಲಿಲ್ಲ. ಈ ಸಲ ಬಾಗಿಲಲ್ಲಿ ಯಾರೂ ಇರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಇದ್ದರು. ಆರನೇ ಕ್ಲಾಸು, ಮೂವತ್ತಾರೂ ಜನ, ಮುಂದೆ ಸೂಜಿಮೆಣಸು. ಬೇರೆ ಕ್ಲಾಸಿನವರು ಒಪ್ಪಿಸಿ ಆಗಿತ್ತು, ಇವರದ್ದೇ ಬಾಕಿ, ಒಪ್ಪಿಸಲು ಅದೇ ಕೊನೆಯ ದಿನ.

“ತಗೊಳಿ ಟೀಚರ್,” ಎಂದಳು ಹುಡುಗಿ, ಪುಸ್ತಕ ಚಾಚಿ.

ಗೋಂದಕ್ಕ ಬಿಡಿಸಿದಳು. ಮೊದಲಿನಿಂದ ಚೆನ್ನಾಗಿ ತುಂಬಿತ್ತು. ಕೊನೆಯ ಐದು ಹಾಳೆ ಖಾಲಿ. ಇನ್ನೊಬ್ಬನದ್ದು ತೆಗೆದಳು, ಅದರಲ್ಲೂ ಐದು. ಮೂರನೆಯದು, ನಾಲ್ಕನೆಯದು, ಅಳತೆ ಹಿಡಿದ ಹಾಗೆ ಎಲ್ಲರದ್ದೂ ಐದೈದು.

“ಏನೇ ಇದು?”

“ನಿಮಗೆ ಅಂತ ಬಿಟ್ಟಿದೀವಿ. ಮೂರು ಪುಸ್ತಕ ಆಗುತ್ತೆ. ನಾವು ಲೆಕ್ಕ ಹಾಕಿದೀವಿ, ಮೂವತ್ತಾರೈದಲಿ ನೂರ ಎಂಬತ್ತು.”

“ಇದರಿಂದ ನೀವು ಸೋಲ್ತೀರಲ್ಲೇ. ನಾಲ್ಕನೇ ಕ್ಲಾಸಿನವರದ್ದು ಹನ್ನೊಂದೇ ಇರೋದು.”

“ಗೊತ್ತು,” ಎಂದ ಹಿಂದಿನಿಂದ ಒಬ್ಬ, “ಆ ಚಿಳ್ಳೆಪಿಳ್ಳೆಗಳು ತಿರುಗಿಸ್ಕೊಳ್ಳಲಿ ಬಿಡಿ. ನಮಗೆ ನೀವು ಹೊಲಿಗೆ ಹೇಳಿಕೊಡಿ, ಸಾಕು.”

ಗೋಂದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನೂರ ಎಂಬತ್ತು ಸೇರಿದರೆ ಐದೂವರೆ ಪುಸ್ತಕ. ಎರಡು ವಾರವಲ್ಲದಿದ್ದರೂ ಎರಡು ದಿನದ ಕೆಲಸ. ತೆಗೆದುಕೊಂಡರೆ ಯಾರು ಕೇಳುತ್ತಾರೆ? ಪರೀಕ್ಷೆ ಮುಗಿದಿದೆ, ಪಾಠ ಮುಗಿದಿದೆ. ಒಂದು ಗಳಿಗೆ ಅವಳ ಹೆಬ್ಬೆರಳು ಹಾಳೆಯ ಬುಡದ ಮೇಲೆ, ಹರಿಯುವ ಜಾಗದಲ್ಲಿ, ಒತ್ತಿಕೊಂಡೇ ಇತ್ತು.

ಮತ್ತೆ ಪುಸ್ತಕ ಮುಚ್ಚಿ ಹುಡುಗಿಯ ಕೈಗಿಟ್ಟಳು. “ಹೋಗಿ, ತುಂಬಿಸ್ಕೊಂಡು ಬನ್ನಿ.”

“ಏನಂತ ತುಂಬಿಸೋದು? ಪಾಠ ಎಲ್ಲಾ ಮುಗೀತು. ಹೆಸರು ಬರೆದ್ರೆ ಲೆಕ್ಕಕ್ಕಿಲ್ಲ ಅಂತೀರ, ಚುಕ್ಕಿ ಇಟ್ರೆ ಲೆಕ್ಕಕ್ಕಿಲ್ಲ ಅಂತೀರ,” ಹುಡುಗಿ ಸೊಂಟದ ಮೇಲೆ ಕೈಯಿಟ್ಟಳು. “ನೀವೇ ಹೇಳಿ, ಬರೀತೀವಿ. ಹೊಲಿಗೆ ಹೇಗೆ ಹಾಕೋದು ಅಂತಾನೇ ಹೇಳಿ.”

ಹುಡುಗಿ ಬಾಯಿಗೆ ಬಂದದ್ದನ್ನು ಹೇಳಿದ್ದಳು, ಅಷ್ಟೇ. ಆದರೆ ಆ ಮಾತು ಗೋಂದಕ್ಕನನ್ನು ಹಿಡಿದುಕೊಂಡಿತು. “ನಡೀರಿ,” ಎಂದಳು.

ಸಾಮಾನು ಕೋಣೆಯಲ್ಲಿ ಮೂವತ್ತಾರು ಜನ ಕೂತು ಬರೆಯಲಾಗುವುದಿಲ್ಲ. ಆರನೇ ಕ್ಲಾಸಿಗೇ ಹೋದರು. ದಿನಕ್ಕೆರಡು ಸಲ ಗುಡಿಸುವ ಕೋಣೆ. ಕಪ್ಪು ಹಲಗೆಯ ಮುಂದೆ, ಮಕ್ಕಳ ಕಡೆ ಮುಖ ಮಾಡಿ ನಿಂತದ್ದು ಮಾತ್ರ ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಒರೆಸಿಕೊಂಡಳು.

“ಮೊದಲು ಅಂಟು. ಮೈದಾ ಹಿಟ್ಟಿಗೆ ನೀರು ಹಾಕಿ…”

“ಎಷ್ಟು ನೀರು?”

“ಅಷ್ಟು.”

“ಅಷ್ಟು ಅಂದ್ರೆ ಎಷ್ಟು ಟೀಚರ್? ಹಾಗಂತ ಬರೆಯೋಕಾಗಲ್ಲ.”

ಗೋಂದಕ್ಕ ಗಾಳಿಯಲ್ಲಿ ಕೈಯಾಡಿಸಿ, ಇಲ್ಲದ ಪಾತ್ರೆಗೆ ಇಲ್ಲದ ನೀರು ಸುರಿದು ನೋಡಿಕೊಂಡಳು. ಮೂವತ್ತು ವರ್ಷ ಕೈ ಮಾಡಿದ್ದನ್ನು ಬಾಯಿ ಒಮ್ಮೆಯೂ ಅಳತೆಯಿಟ್ಟು ಹೇಳಿರಲಿಲ್ಲ. “ಒಂದು ಲೋಟ ಹಿಟ್ಟಿಗೆ… ನಾಲ್ಕು ಲೋಟ. ಮೊದಲು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಒಲೆ ಮೇಲೆ. ಕೈ ಬಿಡದೆ ತಿರುವಬೇಕು. ಹುಳ ಹಿಡೀದಿರಲಿ ಅಂತ ಚಿಟಿಕೆ ಮೈಲುತುತ್ತ. ಅದು ವಿಷ, ದೊಡ್ಡವರೇ ಹಾಕಬೇಕು, ಅದನ್ನೂ ಬರ್ಕೊಳ್ಳಿ. ನೆಕ್ಕಬೇಡ ಅಂತಾನೂ ಬರ್ಕೊಳ್ಳಿ, ನಿಮ್ಮಲ್ಲಿ ಒಬ್ಬಿಬ್ಬರಿದೀರಿ ಅಂಥೋರು.”

ನಗು. ಪೆನ್ಸಿಲ್ಲುಗಳ ಸರಸರ. ತೂತು ಎಷ್ಟು? ಐದು. ಅಂಚಿನಿಂದ ಎಷ್ಟು ಒಳಗೆ? ಅರ್ಧ ಬೆರಳು. ಯಾರ ಬೆರಳು? ಅಲ್ಲಿ ಜಗಳವೇ ಆಯಿತು. ಬಾಗಿಲಲ್ಲಿ ಯಾವಾಗಲೋ ಬಂದು ನಿಂತಿದ್ದ ಲೆಕ್ಕದ ಮೇಷ್ಟ್ರು ಜೇಬಿನಿಂದ ಅಡಿಪಟ್ಟಿ ತೆಗೆದು ಗೋಂದಕ್ಕನ ಬೆರಳಿಗೇ ಹಿಡಿದು, “ಎಂಟು ಮಿಲಿಮೀಟರ್, ಬರ್ಕೊಳ್ಳಿ,” ಎಂದು ತೀರ್ಪು ಕೊಟ್ಟು, ಹಿಂದಿನ ಬೆಂಚಿನಲ್ಲಿ ತಾವೂ ಕೂತರು.

ಒಂದು ದಿನಕ್ಕೆ ಮುಗಿಯಲಿಲ್ಲ. ಎರಡನೇ ದಿನ ಚಿತ್ರ ಬಿಡಿಸಿದರು: ತೂತಿನ ಚಿತ್ರ, ನೂಲು ಒಳಗೆ ಹೋಗಿ ಹೊರಗೆ ಬರುವ ಚಿತ್ರ, ಪ್ರೆಸ್ಸಿನ ಚಿತ್ರ. ಮೂರನೇ ದಿನ ಬೆನ್ನಿಗೆ ಬಟ್ಟೆ ಅಂಟಿಸುವಲ್ಲಿಗೆ ಬರುವಾಗ ಐದು ಹಾಳೆ ಖರ್ಚಾಗಿ ಹೋಗಿತ್ತು. ರಟ್ಟಿನ ಮಾತು ಇನ್ನೂ ಬಂದೇ ಇರಲಿಲ್ಲ.

“ಹಾಳೆ ಸಾಲ್ತಿಲ್ಲ ಟೀಚರ್!” ಎಂದು ನಾಲ್ಕೂ ಮೂಲೆಯಿಂದ ಕೂಗೆದ್ದಿತು.

ಗೋಂದಕ್ಕ ಹೋಗಿ ಪ್ರೆಸ್ಸಿನ ಹಲಗೆಯ ಮೇಲಿದ್ದ ನೂರ ಐವತ್ತನ್ನು ತಂದು ತಲೆಗೆ ನಾಲ್ಕರಂತೆ ಹಂಚಿದಳು. ಆರು ಉಳಿದವು. “ಕೊಡಿ ಇಲ್ಲಿ, ನಾನೂ ತಪ್ಪು ಬರೆದಿದೀನಿ,” ಎಂದು ಮೇಷ್ಟ್ರು ಅದನ್ನೂ ತೆಗೆದುಕೊಂಡರು. ಆ ಸಂಜೆಗೆ ಇಡೀ ಶಾಲೆಯಲ್ಲಿ ಅವಳಿಗೆ ಹೊಲಿಯಲೆಂದು ಒಂದು ಖಾಲಿ ಹಾಳೆಯೂ ಉಳಿಯಲಿಲ್ಲ. ಚಕ್ರದ ಹಕ್ಕು ನಾಲ್ಕನೇ ಕ್ಲಾಸಿಗೇ ಹೋಯಿತು. ಆರನೇ ಕ್ಲಾಸಿನದ್ದು ಈಗ ಸೊನ್ನೆ, ಆದರೆ ಒಪ್ಪಿಸುವ ದಿನ ದಾಟಿಹೋಗಿತ್ತು. ಕಾನೂನು ಕಾನೂನೇ. ಸೂಜಿಮೆಣಸು ಸ್ವಲ್ಪ ಗೊಣಗಿದಳು.

ಗೊಣಗಿ ಮುಗಿಸಿ, ಕೈಯಲ್ಲಿದ್ದ ಬಿಡಿ ಹಾಳೆಗಳನ್ನು ಬಡಿದು ಜೋಡಿಸಿಕೊಂಡು ಮುಂದೆ ಬಂದಳು.

“ಐದು ಹಾಳೆ ಪುಸ್ತಕದಲ್ಲೇ ಇದೆ, ಸರಿ. ಈ ನಾಲ್ಕು ಬಿಡಿ. ಮನೆ ಮುಟ್ಟೋದ್ರೊಳಗೆ ಬಿದ್ದುಹೋಗುತ್ತೆ. ಇದನ್ನ ಪುಸ್ತಕಕ್ಕೆ ಸೇರಿಸಿ ಹೊಲಿದುಕೊಡಿ ಟೀಚರ್.”

ಅವಳ ಹಿಂದೆ ಮೂವತ್ತೈದು ಜನ ಬಿಡಿ ಹಾಳೆ ಹಿಡಿದು ನಿಂತಿದ್ದರು.

“ನಾನ್ಯಾಕೆ ಹೊಲೀಲಿ?” ಎಂದಳು ಗೋಂದಕ್ಕ. “ಮೂರು ದಿನ ಬರ್ಕೊಂಡಿದ್ದು ಮತ್ಯಾಕೆ?”

ನೂಲಿನ ಉಂಡೆ, ಮೇಣದ ತುಂಡು, ಮೂರೇ ಮೂರು ದಬ್ಬಳ ತಂದು ಮೇಜಿನ ಮೇಲಿಟ್ಟಳು. ಮೊದಲ ಸರದಿ ಸೂಜಿಮೆಣಸಿನದ್ದು. ಹುಡುಗಿ ತುಟಿ ಕಚ್ಚಿಕೊಂಡು ಐದು ತೂತು ಚುಚ್ಚಿದಳು, ನಾಲ್ಕು ನೆಟ್ಟಗೆ, ಒಂದು ಸೊಟ್ಟ. ನೂಲು ಪೋಣಿಸಿ ಎಳೆದಳು. ನೂಲು ಸಡಿಲಾಗಿ ಹಾಳೆ ಜಾರಿತು.

“ಎಷ್ಟು ಬಿಗಿ ಎಳೀಬೇಕು ಟೀಚರ್?”

ಗೋಂದಕ್ಕನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ಕರೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡಳು.

“ಬರೆದಿದ್ದೀಯಲ್ಲ,” ಎಂದಳು, “ಓದಿಕೋ.”